ಮುಚ್ಚಿದ ಬಾಗಿಲು ಮತ್ತು ಬೆಳಗಿನ ಪತ್ರಿಕೆ

ಶಾರ್ವರಿ ಸಂವತ್ಸರದ ಯುಗಾದಿಯನ್ನು ನಮ್ಮ ವಾಚಕರು ಸುಲಭವಾಗಿ ಮರೆಯಲಾರರು. 2020ನೆಯ ಇಸವಿಯ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಮಂತ್ರಿಗಳು ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡು, ಅಂದಿನ ಮಧ್ಯರಾತ್ರಿಯಿಂದ 21 ದಿವಸಗಳವರೆಗೆ ದೇಶದ ಪ್ರಜೆಗಳೆಲ್ಲರೂ ಮನೆಯೊಳಗೇ ಇರತಕ್ಕದ್ದೆಂದು ಸಾರಿದರು. ಬೆಳಗಾದರೆ ಹಬ್ಬ. ಮಾವಿನ ಸೊಪ್ಪು, ಬೇವಿನ ಹೂವು, ಒಂದು ಅಚ್ಚು ಬೆಲ್ಲ, ಇವನ್ನು ತರಲು ಉಳಿದಿದ್ದ ಹೊತ್ತು ನಾಲ್ಕು ಗಂಟೆ ಮಾತ್ರ. ಅಂದಿನ ರಾತ್ರಿ ಅಂಗಡಿಗಳ ಮುಂದೆ ನೆರೆದ ಜನಸಂದಣಿಯನ್ನು ನೋಡಿದವರಿಗೆ, ಗುಂಪುಗೂಡಬಾರದೆಂಬ ಆಜ್ಞೆಯೇ ಗುಂಪನ್ನು ಕೂಡಿಸಿತಲ್ಲಾ ಎಂದು ತೋರಿದ್ದರೆ ಆಶ್ಚರ್ಯವಿಲ್ಲ. ಶಾರ್ವರಿಯೆಂದರೆ ರಾತ್ರಿಯೆಂದು ಅರ್ಥ. ಪಂಚಾಂಗ ಶ್ರವಣವನ್ನು ಆ ವರ್ಷ ಅನೇಕರು ಮನೆಯೊಳಗೆ ಕುಳಿತೇ ಮಾಡಿದರು.

ಮನೆಯ ಬಾಗಿಲನ್ನು ಮುಚ್ಚಿಸಲು ಸರಕಾರಗಳು ಕೈಗೆ ತೆಗೆದುಕೊಂಡ ಕಾಯಿದೆಗಳಲ್ಲಿ ಒಂದು ಹೊಸದು, ಇನ್ನೊಂದು ಅಜ್ಜಂದಿರ ಕಾಲದ್ದು. ಹೊಸದು 2005ರ ವಿಪತ್ತು ನಿರ್ವಹಣಾ ಕಾಯಿದೆ. ಹಳೆಯದು 1897ನೆಯ ಇಸವಿಯ ಫೆಬ್ರವರಿ 4ರಂದು ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆ. ಹುಟ್ಟಿದಾಗ ಅದಕ್ಕಿದ್ದುದು ನಾಲ್ಕೇ ಪ್ರಕರಣಗಳು. ಒಂದೇ ಹಾಳೆಯಲ್ಲಿ ಅಚ್ಚು ಮಾಡಬಹುದಾದಷ್ಟು ಚಿಕ್ಕದು. ಮೊದಲನೆಯದು ಹೆಸರನ್ನು ಹೇಳುತ್ತದೆ. ಎರಡನೆಯದು, ರೋಗವು ಹರಡುವ ಭಯವಿದ್ದಾಗ ಸರಕಾರವು ತನಗೆ ಅವಶ್ಯವೆಂದು ತೋರಿದ ನಿಯಮಗಳನ್ನು ಮಾಡಬಹುದೆನ್ನುತ್ತದೆ. ಮೂರನೆಯದು, ಆ ನಿಯಮಗಳನ್ನು ಮೀರಿದವನಿಗೆ ದಂಡಸಂಹಿತೆಯ 188ನೆಯ ಪ್ರಕರಣದಂತೆ ಶಿಕ್ಷೆಯೆನ್ನುತ್ತದೆ. ನಾಲ್ಕನೆಯದು, ಸದ್ಭಾವನೆಯಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ದಾವೆ ಹೂಡಲಾಗದೆನ್ನುತ್ತದೆ. ಪ್ರಜೆಯು ಏನು ಮಾಡಬೇಕು, ಮಾಡದಿದ್ದರೆ ಏನಾಗುವುದು ಎಂಬುದೆಲ್ಲ ಅದರಲ್ಲಿದೆ. ಅಧಿಕಾರಿಯು ಎಲ್ಲಿಯವರೆಗೆ ಹೋಗಬಹುದು, ತಪ್ಪಿದರೆ ಯಾರಿಗೆ ಹೇಳಿಕೊಳ್ಳಬೇಕು ಎಂಬುದಕ್ಕೆ ಒಂದು ಸಾಲೂ ಇಲ್ಲ. ಈ ಕಾಯಿದೆಯ ಬಾಲ್ಯವನ್ನು ಬಲ್ಲವರಿಗೆ 2020ರ ಬೀದಿಗಳು ಅಷ್ಟಾಗಿ ಹೊಸತೆನಿಸುವುದಿಲ್ಲ. ಆದಕಾರಣ ಈ ತಿಂಗಳು ಮೊದಲು ಪುಣೆಯ ಕಥೆಯನ್ನೇ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಎಂಬ ಕೇರಿಯಲ್ಲಿ ಗೆಡ್ಡೆಜ್ವರದಿಂದ ಜನ ಸಾಯುತ್ತಿರುವುದನ್ನು ಕಂಡ ಡಾಕ್ಟರ್ ಅಕಾಸಿಯೊ ವಿಯೇಗಸರು ಅದು ಪ್ಲೇಗೆಂದು ಗುರುತಿಸಿದರು. ರೈಲಿನಲ್ಲಿ ಜನ ಓಡಿದಂತೆ ರೋಗವೂ ಓಡಿತು. ಪುಣೆಯಲ್ಲಿ 1897ರ ಮೊದಲ ತಿಂಗಳುಗಳಲ್ಲಿ ಅದು ಹೆಚ್ಚಿದಾಗ ಸರಕಾರವು ಒಂದು ಪ್ಲೇಗು ಸಮಿತಿಯನ್ನು ನೇಮಿಸಿ, ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಎಂಬ ಸಿವಿಲ್ ಅಧಿಕಾರಿಯನ್ನು ಅದರ ಅಧ್ಯಕ್ಷನನ್ನಾಗಿ ಮಾಡಿತು. ಆತನು ಮನೆಮನೆಯ ಶೋಧನೆಗೆ ದಂಡಿನ ಸಿಪಾಯಿಗಳನ್ನು ಹೂಡಿದನು. ಮಾರ್ಚ್ ಮಧ್ಯದಿಂದ ಮೇ ತಿಂಗಳ ಮೂರನೆಯ ವಾರದವರೆಗೆ ಗೋರಾ ಸೋಲ್ಜರುಗಳು ಪುಣೆಯ ಕೇರಿಗಳಲ್ಲಿ ಮನೆಗಳನ್ನು ಹೊಕ್ಕರು. ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಊರ ಹೊರಗಿನ ಬೇಲಿಯ ಬಿಡಾರಕ್ಕೂ ಸಾಗಿಸುವುದು, ಹಾಸಿಗೆ ಬಟ್ಟೆಗಳನ್ನು ಸುಡುವುದು, ನೆಲವನ್ನು ಅಗೆಯುವುದು, ಗೋಡೆಗೆ ಸುಣ್ಣ ಬಳಿಯುವುದು, ಇದು ಅವರ ಕೆಲಸದ ಕ್ರಮ. ಬೂಟುಗಳೊಡನೆ ದೇವರ ಕೋಣೆಗೂ ಅಡಿಗೆಮನೆಗೂ ನುಗ್ಗಿದರೆಂದೂ, ಹೆಂಗಸರನ್ನು ಬೀದಿಯಲ್ಲಿ ನಿಲ್ಲಿಸಿ ಗೆಡ್ಡೆಗಳಿವೆಯೇ ಎಂದು ಪರೀಕ್ಷಿಸಿದರೆಂದೂ, ಪದಾರ್ಥಗಳು ಕಾಣೆಯಾದುವೆಂದೂ ದೂರುಗಳು ಬಂದುವು. ಸಮಿತಿಯಾದರೋ, ಸೋಲ್ಜರುಗಳ ನಡತೆ ಉತ್ತಮವಾಗಿತ್ತೆಂದು ಹೇಳಿತು.

ನ್ಯಾಯವಾಗಿ ಹೇಳುವುದಾದರೆ, ಪ್ಲೇಗು ಕಟ್ಟುಕಥೆಯಾಗಿರಲಿಲ್ಲ. ಜನರು ರೋಗಿಗಳನ್ನು ಅಟ್ಟದ ಮೇಲೆ ಬಚ್ಚಿಡುತ್ತಿದ್ದುದೂ ಸುಳ್ಳಲ್ಲ. ಶೋಧನೆಯೇ ಬೇಡವೆಂದು ಹೇಳುವವರು ರೋಗವನ್ನು ಕಂಡವರಲ್ಲ. ಅದೇ ಊರಿನಲ್ಲಿ ಸಾವಿತ್ರೀಬಾಯಿ ಫುಲೆಯವರು ರೋಗಿಗಳ ಶುಶ್ರೂಷೆ ಮಾಡುತ್ತ, ತಮಗೂ ಪ್ಲೇಗು ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ರೋಗಿಯನ್ನು ಬೇರೆಯಾಗಿ ಇಡಬೇಕೆಂಬುದರಲ್ಲಿ ಅವರಿಗೂ ಸಂದೇಹವಿರಲಿಲ್ಲ, 'ಕೇಸರಿ' ಪತ್ರಿಕೆಯ ಬಾಲಗಂಗಾಧರ ತಿಲಕರಿಗೂ ಇರಲಿಲ್ಲ. ಅನೇಕ ಮುಖಂಡರು ಊರು ಬಿಟ್ಟಾಗ ತಿಲಕರು ಪುಣೆಯಲ್ಲೇ ನಿಂತು ಹಿಂದೂಗಳಿಗಾಗಿ ಒಂದು ಪ್ಲೇಗು ಆಸ್ಪತ್ರೆಯನ್ನು ತೆರೆಯಲು ದುಡಿದರು. ಬಿಟ್ಟುಹೋದವರನ್ನು ಪತ್ರಿಕೆಯಲ್ಲಿ ಖಂಡಿಸಿದರು. ಅವರು ಬರೆದುದು ಶೋಧನೆಯ ರೀತಿಯನ್ನು ಕುರಿತು. ಮನೆಯೊಳಗಿನ ಗೋಳನ್ನು ಮೇಲಿನವರ ಕಿವಿಗೆ ಮುಟ್ಟಿಸುವ ದಾರಿ ಅಂದು ಅದೊಂದೇ ಇತ್ತು. ಅರ್ಜಿ ಬರೆದವರ ಗತಿಯೂ ನೆಟ್ಟಗಾಗಲಿಲ್ಲ: ಶೋಧನೆಯ ಅತಿರೇಕಗಳನ್ನು ಅಧಿಕಾರಿಗಳಿಗೆ ಬರೆದು ತಿಳಿಸುತ್ತಿದ್ದ ನಾತು ಮನೆತನದ ಸರದಾರರನ್ನು, ಅಣ್ಣತಮ್ಮಂದಿರಿಬ್ಬರನ್ನೂ, ಮುಂದೆ 1827ರ ಒಂದು ಹಳೆಯ ರೆಗ್ಯುಲೇಷನ್ನಿನ ಮೇರೆಗೆ ವಿಚಾರಣೆಯೇ ಇಲ್ಲದೆ ಬಂಧನದಲ್ಲಿಟ್ಟರು.

1897ರ ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವ ಮುಗಿಸಿ ಗಣೇಶಖಿಂಡದಿಂದ ಬರುತ್ತಿದ್ದ ರ‍್ಯಾಂಡನ ಮೇಲೂ ಅಯರ್‌ಸ್ಟ್ ಎಂಬ ಲೆಫ್ಟೆನೆಂಟನ ಮೇಲೂ ಚಾಪೇಕರ ಸಹೋದರರು ಗುಂಡು ಹಾರಿಸಿದರು. ಅಯರ್‌ಸ್ಟ್ ಅಲ್ಲಿಯೇ ಸತ್ತನು. ರ‍್ಯಾಂಡ್ ಜುಲೈ 3ರಂದು ಸತ್ತನು. ಕೊಲೆಗೆ ಕೊಲೆಗಾರರನ್ನು ಹಿಡಿದು ಗಲ್ಲಿಗೇರಿಸಿದುದು ಒಂದು ಮಾತು. ಆದರೆ ಕೊಂದವರು ಇನ್ನೂ ಸಿಕ್ಕುವ ಮೊದಲೇ, ಜುಲೈ 27ರಂದು, ಸರಕಾರವು ತಿಲಕರನ್ನು ಹಿಡಿಯಿತು. ಜೂನ್ 15ರ 'ಕೇಸರಿ'ಯಲ್ಲಿ ಶಿವಾಜಿ ಉತ್ಸವವನ್ನು ಕುರಿತು ಬಂದ ಬರಹಗಳು ರಾಜದ್ರೋಹವೆಂಬುದು ಆಪಾದನೆ. ಮುಂಬಯಿಯ ಹೈಕೋರ್ಟಿನಲ್ಲಿ ನ್ಯಾಯಾಧೀಶ ಸ್ಟ್ರೇಚಿಯು ಜ್ಯೂರಿಗೆ ರಾಜದ್ರೋಹದ ಅರ್ಥವನ್ನು ವಿವರಿಸುತ್ತ, ಸರಕಾರದ ವಿಷಯದಲ್ಲಿ ಪ್ರೀತಿ ಇಲ್ಲದಿರುವುದೇ ಅಪ್ರೀತಿಯೆಂದನು. ಈ ವ್ಯಾಖ್ಯಾನದ ಬಲೆಯಿಂದ ಯಾವ ಪತ್ರಿಕೆ ತಾನೆ ತಪ್ಪಿಸಿಕೊಂಡೀತು? ಆರು ಮಂದಿ ಯೂರೋಪಿಯನ್ ಜ್ಯೂರಿಗಳು ಅಪರಾಧಿಯೆಂದರು. ಮೂವರು ಹಿಂದೂದೇಶದವರು ಅಲ್ಲವೆಂದರು. ತಿಲಕರಿಗೆ 18 ತಿಂಗಳ ಕಠಿಣ ಸಜೆಯಾಯಿತು. ಮರುವರ್ಷ, 1898ರಲ್ಲಿ, ರಾಜದ್ರೋಹದ 124ಎ ಪ್ರಕರಣವನ್ನು ಇನ್ನಷ್ಟು ಅಗಲಮಾಡಿದರು.

ಇದೇ ವೇಳೆ ನಡೆದ ಇನ್ನೊಂದು ಸಂಗತಿಯನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ನಮಗಾದರೋ ಅದು ಸೆರೆಮನೆಯ ಕಥೆಗಿಂತಲೂ ಹೆಚ್ಚಾಗಿ ಮನಸ್ಸಿಗೆ ನಾಟುತ್ತದೆ. ಗೋಪಾಲಕೃಷ್ಣ ಗೋಖಲೆಯವರು ಆಗ ಇಂಗ್ಲೆಂಡಿನಲ್ಲಿದ್ದರು. ಪುಣೆಯಿಂದ ಸ್ನೇಹಿತರು ಬರೆದ ಕಾಗದಗಳನ್ನು ನಂಬಿ, ಸೋಲ್ಜರುಗಳು ಇಬ್ಬರು ಹೆಂಗಸರ ಮಾನಹಾನಿ ಮಾಡಿದರೆಂದೂ, ಅವರಲ್ಲಿ ಒಬ್ಬಳು ಪ್ರಾಣ ಕಳೆದುಕೊಂಡಳೆಂದೂ 'ಮ್ಯಾಂಚೆಸ್ಟರ್ ಗಾರ್ಡಿಯನ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಊರಿಗೆ ಹಿಂತಿರುಗಿದಾಗ, ರುಜುವಾತು ಕೊಡಲು ಯಾರೂ ಮುಂದೆ ಬರಲಿಲ್ಲ. ಕಾಗದ ಬರೆದವರೂ ತಮ್ಮ ಹೆಸರನ್ನು ಹೇಳಬಾರದೆಂದರು. ಗೋಖಲೆಯವರು ಹೆಸರುಗಳನ್ನು ಹೇಳದೆ, ತಾವೇ ಬಹಿರಂಗವಾಗಿ ಕ್ಷಮೆ ಬೇಡಿದರು. ಸ್ವಜನರು ಅವರನ್ನು ಹೇಡಿಯೆಂದರು, ಸರಕಾರದವರು ಸುಳ್ಳುಗಾರರೆಂದರು. ಕಾಗದಗಳಲ್ಲಿದ್ದುದು ನಿಜವೋ ಅಲ್ಲವೋ, ಇಂದು ಯಾರೂ ಹೇಳಲಾರರು. ಸಾಕ್ಷಿ ಹೇಳಿದರೆ ಸಜೆ, ಪತ್ರಿಕೆಗೆ ಬರೆದರೆ ಸಜೆ ಎಂಬ ಊರಿನಲ್ಲಿ ಸತ್ಯವೂ ಗಾಳಿಮಾತೂ ಒಂದೇ ವೇಷದಲ್ಲಿ ತಿರುಗುತ್ತವೆ. ಗೋಖಲೆಯವರಂತಹ ಎಚ್ಚರದ ಮನುಷ್ಯನಿಗೂ ಅವೆರಡನ್ನು ಬೇರೆಮಾಡಲು ಆಗಲಿಲ್ಲ.

ಕೆಲವೇ ವರ್ಷಗಳಲ್ಲಿ ಸರಕಾರವೂ ಬಲವಂತದ ಶೋಧನೆಯನ್ನು ಬಹುಮಟ್ಟಿಗೆ ಕೈಬಿಟ್ಟಿತು. ಬಂದೂಕು ಹಿಡಿದವನು ಬಾಗಿಲು ತಟ್ಟಿದರೆ ರೋಗಿ ಅಟ್ಟವನ್ನೇರುತ್ತಾನೆ, ಗುರುತಿನವನು ಬಂದು ಕೇಳಿದರೆ ಕೆಳಗಿಳಿಯುತ್ತಾನೆ ಎಂಬುದು ಅದಕ್ಕೆ ಮನವರಿಕೆಯಾಗಿರಬೇಕು. ಪತ್ರಿಕೆಗಳು 1897ರಲ್ಲಿ ಹೇಳಿದುದೂ ಅದನ್ನೇ.

ನಮ್ಮ ಬೆಂಗಳೂರಿಗೆ ಪ್ಲೇಗು ಬಂದುದು 1898ರಲ್ಲಿ. ಮಲ್ಲೇಶ್ವರ, ಬಸವನಗುಡಿಗಳ ಅಗಲವಾದ ರಸ್ತೆಗಳೂ ಮನೆಯ ಹಿಂದುಮುಂದಿನ ಬಯಲೂ ಆ ಭಯದ ಫಲಗಳು. ನಾಡಿನ ಊರುಗಳಲ್ಲಿ ಇಲಿ ಬಿದ್ದೊಡನೆ ಜನ ಪಾತ್ರೆಪದಾರ್ಥಗಳೊಡನೆ ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪ್ಲೇಗಮ್ಮನ ಗುಡಿಗಳು ಇಂದಿಗೂ ಅಲ್ಲಲ್ಲಿ ಪೂಜೆಗೊಳ್ಳುತ್ತಿವೆ.

ಇನ್ನು 2020ಕ್ಕೆ ಬರೋಣ. ಈ ಸಲ ಸೋಲ್ಜರನ ಬದಲು ಪೋಲೀಸಿನವನು ಬಂದನು. ಮನೆಯೊಳಕ್ಕೆ ನುಗ್ಗುವ ಬದಲು ಬಾಗಿಲ ಹೊರಗೆ ನಿಂತನು. ಮೊದಲ ವಾರದಲ್ಲಿ ದೇಶದ ಅನೇಕ ಊರುಗಳಲ್ಲಿ ಹಾಲು, ಔಷಧಿ, ತರಕಾರಿಗೆಂದು ಹೊರಟವರಿಗೆ ಲಾಠಿಯ ರುಚಿ ಸಿಕ್ಕಿತು. ಕೆಲವರನ್ನು ನಡುಬೀದಿಯಲ್ಲಿ ಬಸ್ಕಿ ಹೊಡೆಸಿದರು, ಕಪ್ಪೆಯಂತೆ ಕುಪ್ಪಳಿಸುವಂತೆ ಮಾಡಿದರು. ದಂಡಸಂಹಿತೆಯ 188ನೆಯ ಪ್ರಕರಣದಲ್ಲಿ ಜುಲ್ಮಾನೆಯುಂಟು, ಸಜೆಯುಂಟು. ಬಸ್ಕಿಯ ಪ್ರಸ್ತಾಪ ಎಲ್ಲಿಯೂ ಇಲ್ಲ. ಉತ್ತರಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳಿದ ಕೂಲಿಗಳನ್ನು, ಮಕ್ಕಳುಮರಿಗಳ ಸಹಿತ, ಬೀದಿಯಲ್ಲಿ ಕೂರಿಸಿ ಅವರ ಮೇಲೆ ಔಷಧದ ನೀರನ್ನು ಸಿಂಪಡಿಸಿದರು. ಪುಣೆಯ ಸುಣ್ಣದ ಬಕೆಟ್ಟು ಕೂಡಲೆ ನೆನಪಿಗೆ ಬರುತ್ತದೆ. ಪುಣೆಯಲ್ಲಿಯಾದರೂ ಅದನ್ನು ಗೋಡೆಗೆ ಬಳಿದರು.

ಬೆಂಗಳೂರಿನ ಆಗಿನ ಪೋಲೀಸು ಕಮಿಷನರು ಲಾಠಿಗಳನ್ನು ಠಾಣೆಯಲ್ಲೇ ಇಟ್ಟು ಹೊರಡಬೇಕೆಂದು ತಮ್ಮವರಿಗೆ ಮಾರ್ಚ್ ಕೊನೆಯ ವಾರದಲ್ಲಿ ಅಪ್ಪಣೆ ಮಾಡಿದುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಬಿಸಿಲಿನಲ್ಲಿ ನಿಂತು, ಹಸಿದವರಿಗೆ ಅನ್ನದ ಪೊಟ್ಟಣ ಹಂಚಿ, ಕೊನೆಗೆ ತಾವೇ ರೋಗಕ್ಕೆ ಬಲಿಯಾದ ಪೋಲೀಸಿನವರೂ ಇದ್ದರು. ಪಂಜಾಬಿನ ಪಟಿಯಾಲಾದಲ್ಲಿ ಪಾಸು ಕೇಳಿದುದಕ್ಕಾಗಿ ಒಬ್ಬ ಅಧಿಕಾರಿಯ ಕೈಯನ್ನೇ ಕಡಿದರು. ಆದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿತೇ? ಕರ್ನಾಟಕದಲ್ಲಿ ಸುಮಾರು 42,000 ಆಶಾ ಕಾರ್ಯಕರ್ತೆಯರು ಮನೆಮನೆಗೆ ನಡೆದು ಜ್ವರ ಯಾರಿಗಿದೆ, ಕೆಮ್ಮು ಯಾರಿಗಿದೆ ಎಂದು ವಿಚಾರಿಸುತ್ತಿದ್ದರು. ಬಸುರಿ ಬಾಣಂತಿಯರ ಯೋಗಕ್ಷೇಮ ನೋಡಿ ವರ್ಷಗಟ್ಟಲೆ ಗಳಿಸಿದ ವಿಶ್ವಾಸ ಅವರದು. ಅದೇ ಬೀದಿಯಲ್ಲಿ ಮಧ್ಯಾಹ್ನ ಒಬ್ಬನಿಗೆ ಏಟು ಬಿದ್ದರೆ, ಸಂಜೆ ಆಕೆಗೆ ಬಾಗಿಲು ತೆರೆಯುವವರು ಯಾರು? ಆ ಹೆಣ್ಣುಮಕ್ಕಳು ಜುಲೈ ತಿಂಗಳಲ್ಲಿ ನ್ಯಾಯವಾದ ಗೌರವಧನವನ್ನೂ ಮುಖಕವಚ ಮೊದಲಾದ ರಕ್ಷಣೆಯ ಸಾಮಗ್ರಿಯನ್ನೂ ಕೇಳಿ ಮುಷ್ಕರ ಹೂಡಬೇಕಾಯಿತೆಂಬುದು ಬೇರೆ ನಾಚಿಕೆಯ ಸಂಗತಿ.

ನಮ್ಮ ರಾಜ್ಯದ ಸರಕಾರವು ಇನ್ನೊಂದು ವಿಚಿತ್ರವನ್ನೂ ಮಾಡಿತು. ಹೊರದೇಶದಿಂದ ಬಂದು ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದವರ ವಿಳಾಸಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿತು. ಅವರು ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸಲ ತಮ್ಮ ಭಾವಚಿತ್ರವನ್ನು ತಾವೇ ತೆಗೆದು ಕಳುಹಿಸಬೇಕೆಂದೂ ಆಜ್ಞಾಪಿಸಿತು. ವಿಳಾಸ ಬಯಲಾದ ಮನೆಗೆ ಹಾಲಿನವನು ಬರುವನೇ, ಮನೆಯ ಮಾಲಿಕನು ಬಾಡಿಗೆದಾರನನ್ನು ಇರಗೊಡುವನೇ ಎಂದು ಪಟ್ಟಿ ಮಾಡಿದವರು ಯೋಚಿಸಿದಂತೆ ತೋರಲಿಲ್ಲ.

ಎಲ್ಲಕ್ಕಿಂತ ದುಃಖದ ಪ್ರಕರಣವು ತಮಿಳುನಾಡಿನ ತೂತುಕುಡಿ ಜಿಲ್ಲೆಯ ಸಾತಾನಕುಳಂ ಎಂಬ ಪುಟ್ಟ ಊರಿನದು. 2020ರ ಜೂನ್ 19ರಂದು, ಮೊಬೈಲ್ ಫೋನಿನ ಅಂಗಡಿಯನ್ನು ಗೊತ್ತುಮಾಡಿದ ಹೊತ್ತು ಮೀರಿ ತೆರೆದಿದ್ದರೆಂದು ಒಬ್ಬ ತಂದೆಯನ್ನೂ ಅವನ ಮಗನನ್ನೂ ಪೋಲೀಸರು ಠಾಣೆಗೆ ಒಯ್ದರು. 22ರಂದು ಮಗನೂ 23ರಂದು ತಂದೆಯೂ ಸತ್ತರು. ಅವರು ನೆಲದ ಮೇಲೆ ಹೊರಳಾಡಿ ತಾವೇ ಗಾಯಮಾಡಿಕೊಂಡರೆಂದು ಠಾಣೆಯ ಕಾಗದದಲ್ಲಿ ಬರೆದಿತ್ತು. ಮದರಾಸು ಹೈಕೋರ್ಟಿನ ಮಧುರೆಯ ಪೀಠವು ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡು ಒಬ್ಬ ಮ್ಯಾಜಿಸ್ಟ್ರೇಟರನ್ನು ಕಳುಹಿಸಿದಾಗ, ಅದೇ ಠಾಣೆಯ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್, ರಾತ್ರಿಯೆಲ್ಲ ಹೊಡೆದರೆಂದು ಭಯದಿಂದ ನಡುಗುತ್ತಲೇ ಸಾಕ್ಷಿ ಹೇಳಿದಳು. ಆ ಮೇಲೆಯೇ ಪೋಲೀಸರ ಮೇಲೆ ಕೊಲೆಯ ಆಪಾದನೆ ಬಂದಿತು. ಠಾಣೆಯ ಕಾಗದವೊಂದೇ ಅಧಿಕೃತ ವರ್ತಮಾನವಾಗಿ ಉಳಿದಿದ್ದರೆ ಆ ಇಬ್ಬರೂ ನೆಲದ ಮೇಲೆ ಹೊರಳಾಡಿ ಸತ್ತವರೇ ಆಗಿರುತ್ತಿದ್ದರು.

ಅಧಿಕೃತ ವರ್ತಮಾನವೆಂಬ ಮಾತನ್ನು ನಾವು ಬೇಕೆಂದೇ ಆಡಿದೆವು. ಕೇಂದ್ರ ಸರಕಾರದ ನಿಯಮಗಳಲ್ಲಿ ಪತ್ರಿಕೆಗಳ ಕೆಲಸಕ್ಕೆ ವಿನಾಯಿತಿಯಿದ್ದಿತು, ನಿಜ. ಆದರೂ ಮುಂಬಯಿಯಲ್ಲಿ ಕೆಲವು ವಾರ ಮನೆಗೆ ಪತ್ರಿಕೆ ಬರಲಿಲ್ಲ. ಮಹಾರಾಷ್ಟ್ರ ಸರಕಾರವೇ ಏಪ್ರಿಲಿನಲ್ಲಿ ಮನೆಮನೆಗೆ ಹಂಚುವುದನ್ನು ನಿಲ್ಲಿಸಿ, ಆಕ್ಷೇಪ ಬಂದ ಮೇಲೆ ಅದನ್ನು ಸಡಿಲಿಸಿತು. ಕಾಗದದಿಂದ ರೋಗ ಅಂಟೀತೆಂದು ಹೆದರಿ ಪತ್ರಿಕೆಯನ್ನು ಇಸ್ತ್ರಿ ಮಾಡಿ ಓದಿದ ಮನೆಗಳೂ ಇದ್ದುವು. ಜಾಹೀರಾತಿಲ್ಲದೆ ಪುಟಗಳು ತೆಳುವಾದುವು. ಅನೇಕ ಪತ್ರಕರ್ತರು ಸಂಬಳವನ್ನೋ ಕೆಲಸವನ್ನೋ ಕಳೆದುಕೊಂಡರು. ಬೆಳಗಿನ ಕಾಫಿಯೊಡನೆ ಪತ್ರಿಕೆ ಇಲ್ಲದ ಮನೆಯಲ್ಲಿ ಫೋನಿನೊಳಗಿನ ಗಾಳಿಮಾತೇ ಪತ್ರಿಕೆಯಾಯಿತು.

ಮಾರ್ಚ್ 31ರಂದು ಸುಪ್ರೀಮ್ ಕೋರ್ಟಿನಲ್ಲಿ, ನಗರಗಳನ್ನು ಬಿಟ್ಟು ನಡೆದು ಹೊರಟ ಕೂಲಿಕಾರರ ವಿಷಯ ಬಂದಿತು. ಲಾಕ್‌ಡೌನು ಮೂರು ತಿಂಗಳಿಗೂ ಮೀರಿ ನಡೆಯುವುದೆಂಬ ಸುಳ್ಳು ಸುದ್ದಿಯೇ ಆ ಓಟಕ್ಕೆ ಕಾರಣವೆಂಬ ಸರಕಾರದ ಮಾತನ್ನು ನ್ಯಾಯಾಲಯವು ಒಪ್ಪಿತು. ಸ್ವತಂತ್ರ ಚರ್ಚೆಗೆ ಅಡ್ಡಿಮಾಡುವುದಿಲ್ಲವೆಂದು ಹೇಳಿಯೂ, ಪತ್ರಿಕೆಗಳು ರೋಗದ ವಿಷಯದಲ್ಲಿ ಸರಕಾರದ ಅಧಿಕೃತ ವಿವರವನ್ನು ನೋಡಿ ಪ್ರಕಟಿಸಬೇಕೆಂದು ನಿರ್ದೇಶಿಸಿತು. ನಮ್ಮ ಅಭಿಪ್ರಾಯದಲ್ಲಿ ಕೂಲಿಕಾರರನ್ನು ನಡೆಸಿದುದು ಸುಳ್ಳು ಸುದ್ದಿಯಲ್ಲ. ದಿನಗೂಲಿ ನಿಂತಿತು, ಬಾಡಿಗೆ ನಿಲ್ಲಲಿಲ್ಲ, ಬಸ್ಸಿಲ್ಲ, ರೈಲಿಲ್ಲ. ಇದನ್ನು ತಿಳಿಯಲು ಅವರಿಗೆ ಯಾವ ಪತ್ರಿಕೆಯೂ ಬೇಕಾಗಿರಲಿಲ್ಲ. ಮನೆಯೇ ಇಲ್ಲದವನಿಗೆ ಮನೆಯೊಳಗಿರೆಂದರೆ ಅವನು ಮನೆಯಿರುವ ಕಡೆಗೆ ನಡೆದನು. ಮೇ 8ರ ಬೆಳಗಿನ ಜಾವ ಔರಂಗಾಬಾದಿನ ಬಳಿ, ರೈಲಿನ ಕಂಬಿಗಳ ಮೇಲೆಯೇ ಆಯಾಸದಿಂದ ಮಲಗಿದ್ದ 16 ಮಂದಿಯ ಮೇಲೆ ಸರಕಿನ ಗಾಡಿ ಹರಿಯಿತು. ಕಂಬಿಗಳ ನಡುವೆ ಚೆಲ್ಲಿದ್ದ ಅವರ ರೊಟ್ಟಿಗಳ ಚಿತ್ರವನ್ನು ಪತ್ರಿಕೆಗಳು ಅಚ್ಚು ಮಾಡಿದುವು. ಮುಂದೆ ಸೆಪ್ಟೆಂಬರಿನಲ್ಲಿ, ಹೀಗೆ ದಾರಿಯಲ್ಲಿ ಸತ್ತವರೆಷ್ಟೆಂದು ಲೋಕಸಭೆಯಲ್ಲಿ ಕೇಳಿದಾಗ, ಅಂಥ ಲೆಕ್ಕವನ್ನು ಇಟ್ಟಿಲ್ಲವೆಂದು ಸರಕಾರ ಉತ್ತರಿಸಿತು. ಅಧಿಕೃತ ವಿವರ ಮಾತ್ರ ಪ್ರಕಟವಾಗಿದ್ದ ಪಕ್ಷದಲ್ಲಿ ಆ ರೊಟ್ಟಿಗಳೂ ಇರುತ್ತಿರಲಿಲ್ಲ.

ನಮ್ಮ ಕರ್ನಾಟಕದಲ್ಲೇ ಪತ್ರಿಕೆ ಮಾಡಿದ ಕೆಲಸಕ್ಕೊಂದು ಉದಾಹರಣೆ ಉಂಟು. ಅದೇ ಮೇ 5ರಂದು ಕಟ್ಟಡದ ಉದ್ಯಮಿಗಳು ಮುಖ್ಯಮಂತ್ರಿಗಳನ್ನು ಕಂಡರು. ಹೊರರಾಜ್ಯದ ಕೂಲಿಗಳು ಊರಿಗೆ ಹೋದರೆ ಕಟ್ಟಡಗಳು ಏಳುವುದು ಹೇಗೆ? ಅವರಿಗಾಗಿ ಗೊತ್ತಾಗಿದ್ದ ರೈಲುಗಳು ಬೇಡವೆಂದು ಸರಕಾರವು ರೈಲ್ವೆಗೆ ಬರೆಯಿತು. ಮನುಷ್ಯರನ್ನು ಇಟ್ಟಿಗೆ ಸಿಮೆಂಟಿನೊಡನೆ ಲೆಕ್ಕಕ್ಕೆ ಹಿಡಿದುದು ಮರುದಿನವೇ ಪತ್ರಿಕೆಗಳಲ್ಲಿ ಬಂದಿತು, ದೇಶದೆಲ್ಲೆಡೆ ಆಕ್ಷೇಪವೆದ್ದಿತು. ಎರಡು ಮೂರು ದಿವಸಗಳೊಳಗೆ ಸರಕಾರವು ಮನಸ್ಸು ಬದಲಿಸಿ ರೈಲುಗಳನ್ನು ಮತ್ತೆ ಬಿಟ್ಟಿತು. ಈ ಬದಲಾವಣೆಗಾಗಿ ಸರಕಾರವನ್ನು ಹೀಯಾಳಿಸುವುದು ನಮಗೆ ಸರಿತೋರದು. ಹೇಳಿದರೆ ಕೇಳುವ ಸರಕಾರ, ಕೇಳದ ಸರಕಾರಕ್ಕಿಂತ ಎಷ್ಟೋ ಮೇಲು; ಹೇಳುವವರು ಇರಬೇಕು, ಅಷ್ಟೆ.

ಹೇಳಿದವರ ಮೇಲೆ ಖಟ್ಲೆ ಹೂಡಿದ ಕಡೆಗಳೂ ಕಡಮೆಯಿಲ್ಲ. ದಿಲ್ಲಿಯ ಹಿರಿಯ ಪತ್ರಕರ್ತ ವಿನೋದ್ ದುವಾ ಅವರು ಮಾರ್ಚ್ 30ರಂದು ಸಿದ್ಧತೆಯಿಲ್ಲದ ಲಾಕ್‌ಡೌನನ್ನು ಟೀಕಿಸಿ ಮಾತನಾಡಿದುದಕ್ಕೆ ಹಿಮಾಚಲದ ಶಿಮ್ಲಾದಲ್ಲಿ ಅವರ ಮೇಲೆ ರಾಜದ್ರೋಹದ ದೂರು ದಾಖಲಾಯಿತು. ಪುಣೆಯ ತಿಲಕರನ್ನು ಹಿಡಿದ ಅದೇ 124ಎ! 2021ರ ಜೂನ್ 3ರಂದು ಸುಪ್ರೀಮ್ ಕೋರ್ಟು ಆ ದೂರನ್ನು ರದ್ದುಮಾಡಿತು. ಹದಿಮೂರು ತಿಂಗಳು ವಯೋವೃದ್ಧನೊಬ್ಬ ಕೋರ್ಟಿನ ಕಡತದಲ್ಲಿ ಸಿಕ್ಕಿಕೊಂಡಿದ್ದುದೇ ಒಂದು ಶಿಕ್ಷೆಯಲ್ಲವೇ? ಅವರು ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು.

ಪತ್ರಿಕೆಗಳೆಲ್ಲ ಗಂಗೆಯಲ್ಲಿ ಮಿಂದವುಗಳೆಂದು ನಾವು ಹೇಳುವುದಿಲ್ಲ. ದಿಲ್ಲಿಯ ತಬ್ಲೀಗಿ ಸಭೆಯಲ್ಲಿ ಸೇರಿದ್ದ ಕೆಲವರಲ್ಲಿ ರೋಗ ಕಂಡ ಮೇಲೆ, ಎಷ್ಟೋ ಟೆಲಿವಿಷನ್ ಕೇಂದ್ರಗಳು ಒಂದು ಮತದವರೆಲ್ಲರನ್ನೂ ರೋಗವನ್ನು ಬಿತ್ತುವವರೆಂಬಂತೆ ಚಿತ್ರಿಸಿದುವು. ಬೀದಿಯಲ್ಲಿ ತರಕಾರಿ ಮಾರುವ ಮುಸಲ್ಮಾನ ಬಡವನನ್ನು ಹೆಸರು ಕೇಳಿ ಓಡಿಸಿದ ಊರುಗಳುಂಟು. ಅದೇ ಆಗಸ್ಟಿನಲ್ಲಿ ಮುಂಬಯಿ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶೀ ತಬ್ಲೀಗಿಗಳ ಮೇಲಿನ ದೂರುಗಳನ್ನು ತಳ್ಳಿಹಾಕಿ ಈ ಅಪಪ್ರಚಾರವನ್ನು ಕಠಿಣವಾಗಿ ಖಂಡಿಸಿತು. ಸುಳ್ಳು ಸುದ್ದಿಯ ಮೇಲೆ ಪೋಲೀಸರ ಕಣ್ಣು ಬೇಕಾಗಿದ್ದರೆ ಬೇಕಾಗಿದ್ದುದು ಇಲ್ಲಿ. ಖಟ್ಲೆಗಳು ಬಿದ್ದುದು ಬಹುಮಟ್ಟಿಗೆ ಪಡಿತರ ಬರಲಿಲ್ಲ, ಮುಖಕವಚ ಸಾಲದು, ಹಾಸಿಗೆ ಇಲ್ಲ ಎಂದು ಬರೆದವರ ಮೇಲೆ.

2021ರ ಎರಡನೆಯ ಅಲೆಯಲ್ಲಿ ಈ ಭೇದವು ಇನ್ನೂ ಸ್ಪಷ್ಟವಾಯಿತು. ಉತ್ತರಪ್ರದೇಶದ ಅಮೇಠಿಯಲ್ಲಿ ಅಜ್ಜನಿಗಾಗಿ ಆಕ್ಸಿಜನ್ ಬೇಕೆಂದು ಫೋನಿನಲ್ಲಿ ನಾಲ್ಕು ಜನಕ್ಕೆ ಕಾಣುವಂತೆ ಬೇಡಿಕೊಂಡ ಮೊಮ್ಮಗನ ಮೇಲೆ ಗಾಳಿಮಾತು ಹಬ್ಬಿಸಿದನೆಂದು ಖಟ್ಲೆಯಾಯಿತು. ಏಪ್ರಿಲ್ 30ರಂದು ಸುಪ್ರೀಮ್ ಕೋರ್ಟು, ತನ್ನ ಗೋಳನ್ನು ಹೇಳಿಕೊಂಡ ಪ್ರಜೆಯ ಬಾಯಿ ಮುಚ್ಚಿಸಿದರೆ ಅದನ್ನು ನ್ಯಾಯಾಲಯದ ನಿಂದೆಯೆಂದು ಎಣಿಸುವುದಾಗಿ ಎಚ್ಚರಿಸಿತು. ಹಿಂದಿನ ವರ್ಷದ ಅಧಿಕೃತ ವಿವರದ ಆಜ್ಞೆಯಿಂದ ಇಲ್ಲಿಗೆ ನ್ಯಾಯಾಲಯವೇ ನಡೆದ ದೂರವನ್ನು ವಾಚಕರು ಗಮನಿಸಬೇಕು. ಅದೇ ಮೇ ತಿಂಗಳಲ್ಲಿ ಗುಜರಾತಿನ 'ದಿವ್ಯ ಭಾಸ್ಕರ' ಪತ್ರಿಕೆಯು ಊರೂರಿನ ಮರಣಪತ್ರಗಳನ್ನು ಎಣಿಸಿತು. ಮಾರ್ಚ್ 1ರಿಂದ ಮೇ 10ರೊಳಗೆ ಆ ರಾಜ್ಯದಲ್ಲಿ ಕೊಟ್ಟ ಮರಣಪತ್ರಗಳು ಸುಮಾರು 1,23,000. ಹಿಂದಿನ ವರ್ಷ ಅದೇ ಅವಧಿಯಲ್ಲಿ ಸುಮಾರು 58,000. ಸರಕಾರವು ಕೋವಿಡಿನಿಂದಾದುವೆಂದು ಹೇಳಿದ ಸಾವುಗಳು 4,200ರಷ್ಟು. ಪತ್ರಿಕೆಯವರು ಯಾರನ್ನೂ ಬಯ್ಯಲಿಲ್ಲ, ಕೂಡಿಸಿ ಕಳೆದರು ಅಷ್ಟೆ.

ನಮ್ಮ ಚಾಮರಾಜನಗರದ ಸಂಗತಿ ಇದಕ್ಕಿಂತ ಹತ್ತಿರದ್ದು. 2021ರ ಮೇ 2ರ ರಾತ್ರಿ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿದುಹೋಯಿತು. ಬೆಳಗಾಗುವಷ್ಟರಲ್ಲಿ 24 ಮಂದಿ ಸತ್ತರೆಂದು ವರ್ತಮಾನ ಬಂದಿತು. ಆಕ್ಸಿಜನ್ ಇಲ್ಲದೆ ಸತ್ತವರು ಮೂವರು ಮಾತ್ರವೆಂದು ಸರಕಾರದ ಮಂತ್ರಿಗಳು ಹೇಳಿದರು. ಪತ್ರಕರ್ತರು ಸತ್ತವರ ಮನೆಗಳಿಗೆ ಹೋದರು; ರಾತ್ರಿ ಒಳಗಿನಿಂದ ಫೋನು ಮಾಡಿ ಉಸಿರು ಸಿಕ್ಕುತ್ತಿಲ್ಲವೆಂದ ಗಂಡನ, ತಾಯಿಯ, ಮಗನ ಮಾತುಗಳು ಅಚ್ಚಾದುವು. ಹೈಕೋರ್ಟು ನಿವೃತ್ತ ನ್ಯಾಯಮೂರ್ತಿಗಳ ಸಮಿತಿಯನ್ನು ನೇಮಿಸಿತು. ಆ ಸಮಿತಿ ಲೆಕ್ಕಹಾಕಿದಾಗ ಆಕ್ಸಿಜನ್ನಿನ ಕೊರತೆಗೆ ಬಲಿಯಾದವರು 36 ಎಂದು ಕಂಡುಬಂದಿತು. ಮೂರಕ್ಕೂ ಮೂವತ್ತಾರಕ್ಕೂ ನಡುವೆ 33 ಮನೆಗಳಿವೆ.

ಇಷ್ಟೆಲ್ಲ ಆದ ಮೇಲೆ ಕಾಯಿದೆಗಳ ಗತಿಯೇನಾಯಿತೆಂದು ವಾಚಕರು ಕೇಳಬಹುದು. 1897ರ ಕಾಯಿದೆಗೆ 2020ರಲ್ಲಿ ಒಂದು ತಿದ್ದುಪಡಿಯಾಗಿ, ವೈದ್ಯರು ಮೊದಲಾದ ಆರೋಗ್ಯ ಸೇವಕರನ್ನು ಹೊಡೆದವರಿಗೆ ಹೆಚ್ಚಿನ ಶಿಕ್ಷೆ ಗೊತ್ತಾಯಿತು. ಅದು ಅವಶ್ಯವಾಗಿಯೇ ಇತ್ತು. ಕರ್ನಾಟಕವೂ ಅದೇ ವರ್ಷ ತನ್ನದೇ ಆದ ಒಂದು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿಕೊಂಡಿತು. ರಾಜದ್ರೋಹದ 124ಎ ಪ್ರಕರಣವನ್ನು 2022ರ ಮೇ 11ರಂದು ಸುಪ್ರೀಮ್ ಕೋರ್ಟು ತಡೆಹಿಡಿಯಿತು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಗೆ ಬದಲಾಗಿ ಭಾರತೀಯ ನ್ಯಾಯ ಸಂಹಿತೆ ಬಂದಿತು. ರಾಜದ್ರೋಹವೆಂಬ ಹೆಸರು ಅದರಲ್ಲಿಲ್ಲ. ಆದರೆ ದೇಶದ ಏಕತೆಗೆ ಅಪಾಯ ತರುವ ಮಾತನ್ನು ಶಿಕ್ಷಿಸುವ 152ನೆಯ ಪ್ರಕರಣವೊಂದು ಅಲ್ಲಿ ಕುಳಿತಿದೆ. ಅಪ್ಪಣೆ ಮೀರಿದವನಿಗೆ ಶಿಕ್ಷೆ ವಿಧಿಸುವ 188 ಈಗ 223 ಆಗಿದೆ.

2024ರ ಫೆಬ್ರವರಿಯಲ್ಲಿ ಕಾನೂನು ಆಯೋಗವು ತನ್ನ 286ನೆಯ ವರದಿಯಲ್ಲಿ, 1897ರ ಕಾಯಿದೆಯು ಈ ಕಾಲಕ್ಕೆ ಸಾಲದೆಂದೂ, ಅದನ್ನು ಪೂರ್ತಿಯಾಗಿ ತಿದ್ದಬೇಕು ಇಲ್ಲವೇ ಹೊಸದನ್ನೇ ಮಾಡಬೇಕೆಂದೂ ಹೇಳಿದೆ. ಅಂಥ ಮಸೂದೆಯೊಂದು ಬಂದಾಗ, ಅದು ವಕೀಲರ ಕೆಲಸವೆಂದು ಗೃಹಸ್ಥರು ಪುಟ ತಿರುಗಿಸಬಾರದೆಂದು ನಮ್ಮ ಬಿನ್ನಹ. ಅದರಲ್ಲಿ ಎರಡು ಸಾಲುಗಳು ಇವೆಯೇ ಎಂದು ಹುಡುಕಿ ನೋಡಬೇಕು. ಅಂಗಡಿ ತೆರೆಯುವ ಹೊತ್ತು, ಪಾಸು ಕೊಡುವ ಸ್ಥಳ, ತಪ್ಪಿಗೆ ಇಷ್ಟೇ ಜುಲ್ಮಾನೆ ಎಂಬುದನ್ನು ಜಾರಿಗೆ ತರುವ ಮೊದಲು ಜನರ ಭಾಷೆಯಲ್ಲಿ ಅಚ್ಚು ಮಾಡಿ ಬೀದಿಬೀದಿಗೆ ಅಂಟಿಸತಕ್ಕದ್ದೆಂಬುದು ಒಂದು. ಆಸ್ಪತ್ರೆಯ ಮತ್ತು ಸ್ಮಶಾನದ ದಿನದ ಲೆಕ್ಕದ ಪುಸ್ತಕಗಳನ್ನು, ರೋಗಿಗಳ ಹೆಸರು ಮರೆಮಾಡಿ, ಕೇಳಿದ ಪತ್ರಿಕೆಯವರಿಗೆ ಅಂದಂದೇ ತೋರಿಸತಕ್ಕದ್ದೆಂಬುದು ಇನ್ನೊಂದು.